ಹಸಿರು ಗೋಲಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದರು.
ಯಾರೋ ಕಟ್ಟಿದ್ದನ್ನು ಹೋಗಿ ನೋಡುವುದು ಹೇಗೆಂದು
ಗಾದೆ ಮಾಡಿದವರು ಹೇಳಿಕೊಡಲಿಲ್ಲ.

ಇದು ಹನ್ನೊಂದನೆಯ ಭಾನುವಾರ. ಲಗ್ಗೆರೆ ದಾಟಿ, ಎರಡನೇ ಕ್ರಾಸ್.
ಹದಿನೆಂಟು ವರ್ಷ ಟಿಕೆಟ್ ಕೊಟ್ಟು ಕೂಡಿಸಿದ ದುಡ್ಡು,
ಸೊಸೈಟಿ ಸಾಲ, ಮಾರಬೇಕಾದ ಎರಡು ಬಳೆಯ ಲೆಕ್ಕ,
ಕಂಡಕ್ಟರ್ ಚೀಲದ ಚಿಲ್ಲರೆ ಜೇಬಲ್ಲಿ ಒಂದು ಹಸಿರು ಗೋಲಿ.
ಜೊತೆಗೆ ಚಿಕ್ಕಮ್ಮ, ಚೌಡಮ್ಮ,
ಮೂವತ್ತು ವರ್ಷ ತಲೆಮೇಲೆ ಗಾರೆ ಬಾಂಡ್ಲಿ ಹೊತ್ತವಳು,
ಈ ಊರಿನ ಎಷ್ಟೋ ಮೂರನೇ ಮಹಡಿಗಳನ್ನು
ಮೆಟ್ಟಿಲು ಬರುವ ಮೊದಲೇ ಹತ್ತಿ ಇಳಿದವಳು.

ಬ್ರೋಕರ್ ಜಯಶೀಲ ಶುರುಮಾಡುತ್ತಾನೆ:
ಪೂರ್ವಕ್ಕೆ ಬಾಗಿಲು ಮೇಡಂ, ಕಾವೇರಿ ಕನೆಕ್ಷನ್,
ವಾಸ್ತು ನೂರಕ್ಕೆ ನೂರು.
ಚಿಕ್ಕಮ್ಮ ಬಾಗಿಲು ನೋಡುವುದಿಲ್ಲ. ಮೂಸುತ್ತಾಳೆ.
'ಮೊಣಕಾಲುದ್ದಕ್ಕೆ ಮಾತ್ರ ಹೊಸ ಬಣ್ಣ ಯಾಕಪ್ಪಾ?
ಗೋಡೆಗೆ ಲಂಗ ಉಡಿಸಿದ್ದೀರಾ?'
ಐದು ರೂಪಾಯಿ ಬಿಲ್ಲೆಯಿಂದ ಬಡಿಯುತ್ತಾಳೆ.
ಠಕ್ ಅಂದರೆ ಸರಿ.
ಡಬ್ ಅಂದ ಕಡೆ ನಿಂತು ನನ್ನ ಮುಖ ನೋಡುತ್ತಾಳೆ.

ಇಷ್ಟು ಭಾನುವಾರಗಳಲ್ಲಿ ನಾನೂ ಒಂದಿಷ್ಟು ಕಲಿತೆ.
ಮಧ್ಯಾಹ್ನ ನೋಡಿದ ಮನೆಯನ್ನು ರಾತ್ರಿ ಹತ್ತಕ್ಕೂ ನೋಡಬೇಕು,
ಮಳೆ ನಿಂತ ಮರುದಿನವಂತೂ ತಪ್ಪದೇ.
ಬಚ್ಚಲಿಗೆ ಒಂದು ಚೊಂಬು ನೀರು ಸುರಿದು
ಅದು ತೂತಿನ ಕಡೆ ಹೊರಟಿತೋ ಹೊಸ್ತಿಲ ಕಡೆಯೋ ಕಾಯಬೇಕು.
ಪಕ್ಕದ ಮನೆಯ ಟ್ಯಾಂಕಿಗೆ ಬಡಿದು
ವಾಪಸ್ಸು ಬಂದ ಬೆಳಕನ್ನು ಬಿಸಿಲೆಂದು ನಂಬಬಾರದು.
ಕಾಗದದಲ್ಲಿ ಅಣ್ಣತಮ್ಮಂದಿರ ಸಹಿ ಎಲ್ಲಾ ಇರುತ್ತದೆ,
ಅಕ್ಕತಂಗಿಯರದು ಎಲ್ಲಿ ಅಂತ ಕೇಳಬೇಕು.
ಋಣಭಾರ ಪತ್ರದಲ್ಲಿ 'ಇಲ್ಲ' ಎಂದಿರುತ್ತದೆ.
ಯಾವ ಮನೆಗೆ ಋಣವಿಲ್ಲ?

ನಲ್ಲಿ ತಿರುಗಿಸಿದೆ: ಮೊದಲು ಕೆಮ್ಮು, ಆಮೇಲೆ ಗಾಳಿ,
ಆಮೇಲೆ ದಾರದಂಥ ನೀರು.
ಬೀದಿಯ ಇಸ್ತ್ರಿ ಗಾಡಿಯವನು ಕೆಂಡ ಊದುತ್ತಾ ಹೇಳಿದ,
'ಕಾವೇರಿ ಬರ್ತಾಳೆ ಅಕ್ಕಾ, ಶುಕ್ರವಾರ, ಬೆಳಗಿನ ಜಾವ ಮೂರಕ್ಕೆ.
ನೀವು ಎದ್ದಿದ್ರೆ ಸಿಗ್ತಾಳೆ.'

ಹಾಲಿನ ನಡುವೆ ಗೋಲಿ ಇಟ್ಟೆ.
ಸ್ವಲ್ಪ ಹೊತ್ತು ಯೋಚಿಸಿತು.
ಆಮೇಲೆ, ಗುರುತಿರುವವರ ಮನೆಯಲ್ಲಿ ನಡೆಯುವ ಹಾಗೆ,
ಸೋಫಾ ದಾಟಿ, ಅಡುಗೆಮನೆಗೆ ಹೋಗಿ
ಫ್ರಿಜ್ಜಿನ ಕೆಳಗೆ ಸೇರಿಕೊಂಡಿತು.
ಮನೆಯೊಡತಿ ರೆಜಿನಮ್ಮ ನಕ್ಕರು, 'ನಮ್ಮ ಉರುಳಗಡ್ಡೇನೂ ಹಾಗೇ ಹೋಗ್ತವೆ.'
ಜಯಶೀಲ ಗಂಟಲು ಸರಿಮಾಡಿಕೊಂಡ.

ಚಿಕ್ಕಮ್ಮ ಮಾತ್ರ ಒಳಗಿನ ಚಿಕ್ಕ ಕೋಣೆಯಲ್ಲಿದ್ದಳು.
ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು,
ಟೈಲ್ಸಿನ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ.
ಬಿಲ್ಲೆ ಬಡಿಯಲಿಲ್ಲ. ಒಂದು ಲೋಟ ನೀರು ಕೇಳಿದಳು,
ರೆಜಿನಮ್ಮ ಕೊಟ್ಟರು, ಪೂರ್ತಿ ಕುಡಿದಳು.

ಬಸ್ ಸ್ಟಾಪಿನಲ್ಲಿ ಹೇಳಿದಳು:
'ಪಾಯ ತೋಡುವಾಗ ನಾಲ್ಕಡಿಗೇ ಕಪ್ಪು ಮಣ್ಣು ಬಂತು ಕಣೆ.
ಬಸವನಹುಳದ ಚಿಪ್ಪು, ಒಂದು ಮುಷ್ಟಿ.
ಮೇಸ್ತ್ರಿ ಮುಚ್ಚು ಅಂದ, ಮುಚ್ಚಿದೆವು.
ಕೆರೆ ಎಲ್ಲಿತ್ತು ಅಂತ ನಿನ್ನ ಗೋಲಿಗೆ ಗೊತ್ತಾಯ್ತು.'
'ಅಲ್ಲೇ ಯಾಕೆ ಹೇಳಲಿಲ್ಲ?'
'ಆ ಕೋಣೇಲಿ ಎರಡು ತಿಂಗಳು ಮಲಗಿದ್ದೆ,
ನಿಮ್ಮ ರಾಜೀನ ಮಗ್ಗುಲಲ್ಲಿ ಹಾಕ್ಕೊಂಡು, ಸಿಮೆಂಟ್ ಚೀಲ ಹೊದ್ದು.
ಬಾಗಿಲು ಇಟ್ಟ ದಿನ ಹೊರಟ್ವಿ.
ಎಲ್ಲಾ ಕಡೆ ಹಾಗೇನೆ.
ಎಷ್ಟು ಹೊಸ ಮನೇಲಿ ಮಲಗಿದೀನಿ ಗೊತ್ತಾ,
ಒಂದಕ್ಕೂ ಬಾಗಿಲು ಇರಲಿಲ್ಲ.'

ಬಸ್ ಬಂತು. ಒಳಗೆ ನನಗೆ ಗುರುತಿನ ಕಂಡಕ್ಟರ್,
ಕಿಟಕಿ ಪಕ್ಕ ಜಾಗ ಮಾಡಿಕೊಟ್ಟಳು.
ಜಯಶೀಲನ ಮೆಸೇಜ್: 'ಮೇಡಂ, ಮಾತಾಡಿದರೆ ಎರಡು ಲಕ್ಷ ಇಳೀತಾರೆ.'
ಜೇಬು ತಡಕಿದೆ.
ಗೋಲಿ ಅಲ್ಲೇ ಉಳಿದಿತ್ತು, ಫ್ರಿಜ್ಜಿನ ಕೆಳಗೆ.
ಮುಂದಿನ ಭಾನುವಾರ ಅಂಜನಾಪುರದ ಕಡೆ.
ಅಷ್ಟರೊಳಗೆ ಇನ್ನೊಂದು ಕೊಳ್ಳಬೇಕು.