ಎಡಗೈ ಮಡಿಕೆ

ಮೊದಲು ಅವರು ಕಳಿಸಿದ್ದು ಮಾದರಿಯ ಪೆಟ್ಟಿಗೆ.
ಅಂಗೈಯಗಲದ ಹನ್ನೆರಡು ತಾಮ್ರದ ತುಂಡು,
ಒಂದೊಂದರ ಬೆನ್ನಿಗೂ ಒಂದು ನಂಬರು:
ಉಪ್ಪು, ಅಮೋನಿಯಾ, ಒದ್ದೆ ಮರದಪುಡಿ,
ಮುಚ್ಚಳ ಹಾಕಿ ಒಂದು ರಾತ್ರಿ ಇಟ್ಟರೆ
ಅರವತ್ತು ವರ್ಷದ ಹಸಿರು.
ಏಳನೆಯದು ಚೆನ್ನಾಗಿಯೇ ಇತ್ತು.
ಒಂದು ಕಡೆಯೂ ಎಡವದ ಹಸಿರು.
ಅದಕ್ಕೇ ಬೇಡವೆನ್ನಿಸಿತು.

ಅಮ್ಮನಿಗೆ ಇದು ಬರೀ ಕಿಲುಬು.
ಜಾಮ್ ಕಾಯಿಸುವ ಪಾತ್ರೆಗೆ
ವಿನೆಗರು ಸುರಿದು, ಉಪ್ಪು ಎರಚಿ,
ಉಸಿರು ಬಿಗಿಹಿಡಿದು ತಿಕ್ಕುತ್ತಿದ್ದಳು,
ವಿಷ ಕಣೇ, ನಾಲಿಗೆ ತಾಗಿಸೀಯೆ ಎಂದು.
ಅವಳು ತಿಕ್ಕಿ ತೊಳೆದದ್ದನ್ನು ನಾನು
ಚದರ ಮೀಟರಿನ ಲೆಕ್ಕದಲ್ಲಿ ಮಾರುತ್ತೇನೆ.

ಸ್ವೆನ್‌ಬೊರ್ ಬಂದರಿನಲ್ಲಿ ಆ ಚಳಿಗಾಲ
ಹಳೆಯ ಸುಂಕದ ಮನೆ ಕೆಡವುತ್ತಿದ್ದರು.
ಗುಜರಿಯ ಹೆನ್ನಿಂಗ್ ಮಾಡಿನ ಹಾಳೆಗಳನ್ನು
ಕರಗಿಸಲೆಂದು ಕಟ್ಟು ಕಟ್ಟಿ ಇಟ್ಟಿದ್ದ.
ಕೆಸರಲ್ಲಿ ಮಂಡಿಯೂರಿ ಆರಿಸಿದೆ:
ಗಾಳಿ ಬಡಿದ ಕಡೆ ತೆಳು ನೀಲಿ,
ಚಿಮಣಿಯ ಕೆಳಗೆ ಮಸಿಗಪ್ಪು,
ಕಡಲಹಕ್ಕಿ ಕೂತೆದ್ದ ಕಡೆ ಸುಣ್ಣದ ಗೆರೆ,
ಒಂದು ಹಾಳೆಯಲ್ಲಿ ಮಾತ್ರ, ಅಂಚಿನಿಂದಿಳಿದು
ಉಳಿದೆಲ್ಲಕ್ಕಿಂತ ಎಳೆಯ, ಉರಿಯುವಂಥ ಹಸಿರು.
ಅದು ನಟ್ಟನಡುವೆ ಇರಬೇಕು, ಅಲ್ಲೇ ನಿರ್ಧರಿಸಿದೆ.

ದಂತವೈದ್ಯೆ ಮೆರೆಟೆ ಸ್ಕೊವ್ ಅವರ ಹೊಸ ಕ್ಲಿನಿಕ್ಕು.
ಕಾಯುವ ಕೋಣೆಯ ಗೋಡೆಗೆ ಹದಿನಾಲ್ಕು ಹಾಳೆ,
ಮೇಲೊಂದು ಪದರ ವಾರ್ನಿಷ್:
ಉದುರದಂತೆ, ಮಕ್ಕಳ ಕೈಗೆ ಹತ್ತದಂತೆ,
ಇನ್ನು ಯಾವ ಮಳೆಯೂ ಮುಟ್ಟದಂತೆ.
ಕೆಳಗಿನಿಂದ ಹಳದಿ ದೀಪ.
ಪತ್ರಿಕೆಯವರು ಫೋಟೋ ಹಾಕಿದರು.
‘ಪ್ರಕೃತಿಯ ಕುಂಚ’ ಎಂಬ ಅಡಿಬರಹ ನನ್ನದೇ.

ದೀಪ ಸರಿಪಡಿಸಲು ಹೋಗಿದ್ದ ಮಂಗಳವಾರ
ದವಡೆ ಊದಿದ ಮುದುಕನೊಬ್ಬ ಬಂದ, ಐವಿನ್ ಅಂತ.
ಕೂರಲಿಲ್ಲ. ಗೋಡೆಯುದ್ದಕ್ಕೂ
ಮಡಿಕೆಗಳ ಮೇಲೆ ಹೆಬ್ಬೆರಳಾಡಿಸುತ್ತ ನಡೆದ,
ಕತ್ತಲಲ್ಲಿ ಬೀಗದ ಕಿಂಡಿ ತಡಕುವ ಹಾಗೆ.
“ಇದು ನಾನು ಮಡಿಚಿದ್ದು. ಇದೂ ನಾನೇ.
ಇದಲ್ಲ. ನೋಡು, ಸುತ್ತಿಗೆ ಎಡದಿಂದ ಬಿದ್ದಿದೆ.
ಇದು ಥೋರ್ಕಿಲ್. ಎಡಚ.
ಇಡೀ ಫ್ಯೂನ್ ದ್ವೀಪದಲ್ಲಿ
ಅವನಷ್ಟು ನೇರ ಯಾರೂ ಮಡಿಚಲಿಲ್ಲ.”
ಹಾಗಂತ ಅವನಿಗೆ ಹೇಳಿದ್ದಿರಾ, ಕೇಳಿದೆ.
“ಇಲ್ಲ. ಒಂದು ಸುತ್ತಿಗೆ ಕಳೆದುಹೋಯಿತು.
ಅದರ ಮೇಲೆ ಮಾತು ನಿಂತಿತು.”
ಎಷ್ಟು ವರ್ಷ?
ಅವನು ಹಾಳೆಯ ಬಣ್ಣ ತೋರಿಸಿದ.

ಹಿಂಬದಿಯಲ್ಲಿ ಇಬ್ಬರ ಹೆಸರೂ ಗೀಚಿದೆಯಂತೆ,
ಮೊಳೆಯಲ್ಲಿ, ಇಸವಿಯ ಸಮೇತ.
ಅಂಟು ಬಳಿಸಿ ಪ್ಲೈವುಡ್ಡಿಗೆ ಕೂರಿಸಿದವಳು ನಾನು;
ತಿರುಗಿಸಿ ನೋಡಬೇಕೆಂದು ಹೊಳೆದೇ ಇರಲಿಲ್ಲ.

ನಡುವಿನ ಹಾಳೆಗೆ ಬಂದಾಗ
ಊದಿದ ಕೆನ್ನೆ ಹಿಡಿದುಕೊಂಡು ನಗತೊಡಗಿದ.
ನಕ್ಕರೆ ನೋಯುತ್ತಿತ್ತು, ನೋಯುತ್ತಲೇ ನಕ್ಕ.
“ಇದು ಮಳೆಯ ಕೆಲಸ ಅಲ್ಲಮ್ಮ.
ಡಿಸೆಂಬರು. ಏಣಿಗೆಲ್ಲ ಮಂಜು.
ಇಳಿದು ಹತ್ತುವುದೆಂದರೆ ಅರ್ಧ ಗಂಟೆ.
ಮೇಸ್ತ್ರಿಯೇ ಹೇಳಿದ್ದ, ಹೊಸ ತಾಮ್ರಕ್ಕೆ ಒಳ್ಳೆಯದು,
ಬೇಗ ಹಸಿರಾಗುತ್ತದೆ ಅಂತ.
ದಿನಾ ಹತ್ತು ಗಂಟೆಗೆ, ಕಾಫಿ ಮುಗಿದ ಮೇಲೆ,
ನಾನು, ಥೋರ್ಕಿಲ್, ಅಕ್ಕಪಕ್ಕ ನಿಂತು,
ಯಾರದು ದೂರ ಹೋಗುತ್ತದೆ ಎಂದು...”

ಒಳಗಿನಿಂದ ಹೆಸರು ಕೂಗಿದರು.
ಹೋಗುವ ಮುನ್ನ ಆ ಹಸಿರನ್ನು ಎರಡು ಸಲ ತಟ್ಟಿದ,
ಹೆಗಲು ತಟ್ಟುವ ಹಾಗೆ.

ಅಡಿಬರಹ ಬದಲಿಸಿಲ್ಲ ನಾನು.
ದೀಪವನ್ನು ಮಾತ್ರ
ಆ ಕಡೆಗೆ ಇನ್ನೊಂದಿಷ್ಟು ತಿರುಗಿಸಿದೆ.