ಗಡಿಯಾರದ ಜೇಬು

ಕೌಲ್ ಬಜಾರಿನ ತಗಡಿನ ಶೆಡ್ಡಿನಲ್ಲಿ ನನ್ನ ಮಿಷನ್ನು.
ಜೀನ್ಸಿಗೆ ಜೇಬು ಹೊಲಿಯುತ್ತೇನೆ, ಜೇಬು ಮಾತ್ರ;
ನಡು, ಕಾಲು, ಜಿಪ್ಪು ಬೇರೆಯವರ ಪಾಲು.
ಬಲಗಡೆ ಜೇಬಿನೊಳಗೆ ಇನ್ನೊಂದು ಪುಟ್ಟದಿರುತ್ತದಲ್ಲ,
ಹಳೇ ಕಾಲದ ಗಡಿಯಾರದ್ದು, ಈಗ ಯಾರಿಗೂ ಬೇಡದ್ದು,
ಅದು, ದಿನಕ್ಕೆ ನಾನೂರು.

ಹಡಗಿನಲ್ಲಿ ಅಡುಗೆ ಮಾಡುವ ಕಾಸಿಂಪೀರ
ರಜೆಗೆ ಬಂದವನು ಹರಿದ ಪ್ಯಾಂಟು ಕೊಟ್ಟುಹೋದ.
ಪುಟ್ಟ ಜೇಬಿಗೆ ಬೆರಳಿಟ್ಟರೆ
ಒಂದು ಎಲೆ.
ಸುಕ್ಕು ಬಿದ್ದಿದೆ, ಆದರೂ ಒಳಗೆ ನೀರಿದೆ,
ಮಗುವಿನ ಕಿವಿಯ ಹಾಲೆಯಷ್ಟು ಮೆತ್ತಗೆ.
ತೊಟ್ಟಿನಲ್ಲಿ ಎರಡೆಳೆ ಬಿಳೀ ಬೇರು.

"ಯಾವೂರಿಂದೋ ಇದು?"
"ಊರಲ್ಲಬೇ, ನಡು ಸಮುದ್ರದಾಗ ಒಂದು ಬಂಡೆ.
ಇಂಜಿನ್ ಕೆಟ್ಟು ಎರಡು ದಿನ ನಿಂತಿದ್ವಿ.
ಮನುಷ್ಯಾರಿಲ್ಲ, ಗಿಡ ಮರ ಇಲ್ಲ.
ಹಕ್ಕಿ ಹಿಕ್ಕಿ, ಮತ್ತ ಇದು."

ಬಂಡೆಯ ಮೇಲೆ ಹುಟ್ಟಿದ್ದಕ್ಕೆ ಬಳ್ಳಾರಿ ಪರಊರೇ?
ಕೋಟೆಗುಡ್ಡದ ಬುಡದಿಂದ ಒಂದು ಬೊಗಸೆ ಗರಸು,
ಡಾಲ್ಡಾ ಡಬ್ಬಿ, ತಳಕ್ಕೆ ಮೊಳೆಯಿಂದ ಮೂರು ತೂತು.
ನಳ ಬಂದ ದಿನ, ಅಂದರೆ ಹತ್ತು ದಿನಕ್ಕೊಮ್ಮೆ,
ನನ್ನ ಲೋಟದ ತಳದ ಗುಟುಕು ಅದಕ್ಕೆ.
ಇನ್ನಷ್ಟು ಕೊಡು ಅಂತ ಒಂದು ದಿನವೂ ಅನ್ನಲಿಲ್ಲ.

ಒಂಬತ್ತು ಬೇಸಿಗೆ.
ಶೆಡ್ಡಿನ ಮೇಲೆ ಕಾಗೆಯೂ ಕೂರದ ಬಿಸಿಲಲ್ಲಿ
ಅದು ಕೆಂಪಗೆ ಮುದುಡಿ ಮಲಗುವುದು, ಮತ್ತೆ ಏಳುವುದು.
ಹತ್ತನೆಯದರಲ್ಲಿ, ನಡುರಾತ್ರಿ, ಹೂ.
ಎರಡೇ. ಉಪ್ಪಿನ ಹರಳಿನ ಬಣ್ಣ.

ಕಾಲೇಜಿನ ತಿಪ್ಪೇರುದ್ರ ಮೇಷ್ಟ್ರು ಭೂತಗನ್ನಡಿ ಹಿಡಿದು ಬಂದರು.
ಚಹಾ ಆರಿಹೋಯಿತು. ಆಮೇಲೆ ಮೆಲ್ಲಗೆ,
"ಆ ಬಂಡೆ ಬಿಟ್ಟರ ಲೋಕದಾಗ ಎಲ್ಲೂ ಇಲ್ಲಮ್ಮ.
ಅಲ್ಲೂ ಎಣಿಸಿದ್ದು ಮೂವತ್ತೇ."
ನನ್ನ ಹೆಬ್ಬೆರಳು ಗೆಣ್ಣಿನ ಮೇಲೆ ತಾನೇ ಸರಿಯಿತು:
ಮೂವತ್ತೊಂದು.
"ಇದನ್ನ ಮುಟ್ಟೋ ಹುಳ ಅಲ್ಲೇ ಉಳೀತು, ಕಾಯಿ ಕಟ್ಟೂದಿಲ್ಲ."

ಸೂಜಿಗೆ ಪೋಣಿಸುವಂತೆ ತುಟಿಯಲ್ಲಿ ದಾರ ಚೂಪು ಮಾಡಿ
ಈ ಹೂವಿನ ಹುಡಿ ಆ ಹೂವಿಗೆ ಮುಟ್ಟಿಸಿದೆ.
ಹುಳದ ಕೆಲಸ ನನಗೆ ಬರಲಿಲ್ಲ. ಉದುರಿದವು.
ಮೇಷ್ಟ್ರಿಗೆ ಒಂದು ಎಲೆ ಕೊಟ್ಟೆ. ಎರಡು ಕೇಳಿದ್ದರು.

ಈ ಸಲ ಕಾಸಿಂಪೀರನ ಹೊಸ ಪ್ಯಾಂಟಿಗೆ
ಇನ್ನೊಂದು ಎಲೆ, ಗಡಿಯಾರದ ಜೇಬಿನಲ್ಲಿ.
ಆ ದಾರಿಗೆ ಹಡಗು ಹೋಗುವುದಿಲ್ಲವಂತೆ.
ಇಂಜಿನ್ ಕೆಡಲಿ ಅಂತ ಬೇಡುವುದು ಪಾಪ,
ಬೇಡಿಲ್ಲ.
ಜೇಬಿನ ಬಾಯಿಗೆ ಹೊಲಿಗೆ ಮಾತ್ರ
ಸಡಿಲ ಹಾಕಿದ್ದೇನೆ.