ಗೋಣಿಯ ತೂಕ ಕಳೆದು

ಸಿದ್ದಾಪುರದ ಪೇಟೆಯಲ್ಲಿ, ಮರದ ಮಿಲ್ಲಿಗೆ ತಾಗಿ,
ನಮ್ಮ ಧಣಿಯ ಕಾಫಿ-ಮೆಣಸಿನ ಗೋದಾಮು.
ತಕ್ಕಡಿಯ ಪಕ್ಕದ ಕಬ್ಬಿಣದ ಕುರ್ಚಿ ನನ್ನದು.
ಇಪ್ಪತ್ತೆರಡು ವರ್ಷದಲ್ಲಿ
ಕುರ್ಚಿ ಎರಡು ಸಲ ಬದಲಾಯಿತು, ನಾನಲ್ಲ.

ಡಾಕ್ಟರಮ್ಮ ಹೇಳಿದ್ದು ಮೂರೇ ಮಾತು:
ತೊಂಬತ್ತನಾಲ್ಕು. ಜಾಸ್ತಿ. ಇಳಿಸಿ.
ಹಮಾಲಿ ಹಂಸನಿಗೆ
ಚೀಲ ತೋರಿಸಿ ನಾನು ಹೇಳುವ ಹಾಗೆ.

ಅಂದಿನಿಂದ, ಹನ್ನೊಂದು ಗಂಟೆಗೆ
ಎದುರಿನ ಕ್ಯಾಂಟೀನಿನ ಗೋಳಿಬಜೆ ಎಣ್ಣೆಯಿಂದ ಏಳುವ ಹೊತ್ತಿಗೆ
ನನ್ನ ಮೇಜಿನ ಮೇಲೊಂದು ಸ್ಟೀಲಿನ ಡಬ್ಬಿ ತೆರೆಯುತ್ತದೆ.
ಬೊಳ್ಳಮ್ಮ ಬೆಳಿಗ್ಗೆಯೇ ಹೆಚ್ಚಿಟ್ಟದ್ದು:
ಸೌತೆ, ಮೂಲಂಗಿ, ನವಿಲುಕೋಸಿನ ಬಿಲ್ಲೆ,
ಅವಳಿಗೆ ಸಿಟ್ಟಿದ್ದ ದಿನ ಬರೀ ಎಲೆಕೋಸಿನ ದಂಟು.
ಮೇಲೆ ಎರಡು ತೊಟ್ಟು ಕಾಚಂಪುಳಿ.
ಹಂದಿಮಾಂಸಕ್ಕೆ ಬೀಳಬೇಕಾದ ಆ ಕಪ್ಪು ಹುಳಿ
ಮೂಲಂಗಿಯ ಮೇಲೆ ಬಿದ್ದು ತಾನೇ ನಾಚಿಕೊಂಡಿತು.
ನಾಲಗೆ ವಾಸನೆಗೆ ಎದ್ದು ಕೂತು,
ಸುತ್ತ ನೋಡಿ, ಮಾಂಸ ಎಲ್ಲಿ ಎಂದು ಕೇಳಿ,
ಮತ್ತೆ ಮಲಗಿತು.

ಕರ್ರ್, ಕುರ್ರ್.
ಇಲಿ ಬಂದಿದೆ ಎಂದು ಧಣಿ
ಒಳಗಿನಿಂದ ಕೋಲು ಹಿಡಿದು ಬಂದರು.
ಡಬ್ಬಿ ಮುಚ್ಚಿದೆ.
ಇಲಿ ಸುಮ್ಮನಾಯಿತು.

ಹಂಸನಿಗೆ ನಾಲ್ಕು ಪರೋಟ, ಮೀನುಸಾರು, ಮೇಲೊಂದು ಸುಲೈಮಾನಿ.
ಐವತ್ತು ಕಿಲೋ ಹೊತ್ತು ಓಡುವವನ ಸ್ವಂತ ತೂಕ ಐವತ್ತೊಂದು.
ಡಬ್ಬಿಯೊಳಗೆ ಇಣುಕಿ ಹೇಳಿದ:
"ಇದು ತಿನ್ನೋದಲ್ಲ ಸಾರೇ,
ನೀರನ್ನ ಹಲ್ಲಲ್ಲಿ ಕುಡಿಯೋದು."

ನೀರಿನ ವಿಷಯ ನನಗೆ ಹೇಳಬೇಡ, ಹಂಸ.
ಕಾಫಿಯಲ್ಲೆಷ್ಟು ಪಸೆ, ಮೆಣಸಿನಲ್ಲೆಷ್ಟು,
ಮೀಟರ್ ಹಾಕಿ ನೋಡಿ ಕಾಸು ಮುರಿಯುವವನು ನಾನು.
ಈ ಸೌತೆಕಾಯಿಯನ್ನು ಯಾರಾದರೂ ಮಾರಲು ತಂದಿದ್ದರೆ
ಒಣಗಿಸಿ ತನ್ನಿ ಎಂದು ವಾಪಸು ಕಳಿಸುತ್ತಿದ್ದೆ.

ಸಂಜೆ, ಶಟರ್ ಎಳೆಯುವ ಮುನ್ನ, ಯಾರೂ ಇಲ್ಲದಾಗ
ತಕ್ಕಡಿ ಹತ್ತುತ್ತೇನೆ.
ಕೆಂಪು ಅಂಕಿಗಳು ಗಾಬರಿಯಾಗಿ ಓಡಾಡಿ ನಿಲ್ಲುತ್ತವೆ.
ತೊಂಬತ್ತನಾಲ್ಕು ಕಾಲು.
ಚಪ್ಪಲಿ ಬಿಟ್ಟರೆ ತೊಂಬತ್ತಮೂರು ಮುಕ್ಕಾಲು.
ಹದಿನೆಂಟು ದಿನ ಮೂಲಂಗಿ ಮಾಡದ್ದನ್ನು
ಒಂದು ಜೊತೆ ಚಪ್ಪಲಿ ಮಾಡಿತು.

ಇನ್ನೊಂದು ಮಾತಿದೆ, ಹೇಳಿಬಿಡುತ್ತೇನೆ.
ಖಾಲಿ ಗೋಣಿ ತೂಗುವುದು ಆರುನೂರು ಗ್ರಾಂ.
ನಾವು ಕಳೆಯುವುದು ಒಂದೂವರೆ ಕಿಲೋ.
ಗೋಣಿಗೆ, ಮಣ್ಣಿಗೆ, ಕಡ್ಡಿಗೆ ಅಂತ; ಧಣಿಯ ಕಾಲದಿಂದಲ್ಲ,
ಧಣಿಯ ಅಪ್ಪನ ಕಾಲದಿಂದ.
ಮಾರುವವರಿಗೂ ಗೊತ್ತು, ತಕ್ಕಡಿಗೂ ಗೊತ್ತು.
ಊರಿನವರ ತೂಕವನ್ನೆಲ್ಲ
ಪೆನ್ನಿನ ಒಂದು ಗೀಟಿನಲ್ಲಿ ಇಳಿಸಿದ ಕೈ ಇದು.

ಮೊನ್ನೆ ಮಾಲ್ದಾರೆಯಿಂದ ದಮಯಂತಿ ಬಂದಳು,
ಅರ್ಧ ಚೀಲ ಮೆಣಸು, ಜೀಪಿನ ಧೂಳು.
ನನ್ನ ಬಾಯಿ ತುಂಬ ನವಿಲುಕೋಸು.
"ಎಂಥ, ಶುಗರಾ?"
ತಲೆಯಾಡಿಸಿದೆ. "ತೂಕ. ಇಳಿಸಬೇಕಂತೆ."
ಅವಳು ಚೀಲವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ,
"ನಿಮಗೂ ಕಷ್ಟವಾ?" ಎಂದಳು.

ಕುಹಕವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಆಮೇಲೆ ಕೈಚೀಲದಿಂದ ಒಂದು ಮುಳ್ಳುಸೌತೆ ತೆಗೆದು,
"ಆನೆ ಬಾಳೆಯೆಲ್ಲ ಮುಗಿಸಿತು, ಇದನ್ನು ಮೂಸಿ ಬಿಟ್ಟಿತು.
ನಿಮಗಾಗಬಹುದು," ಎಂದು
ಮೇಜಿನಲ್ಲಿ ಜಾಗವಿಲ್ಲದೆ ತಕ್ಕಡಿಯ ಮೇಲಿಟ್ಟಳು.

ಸೊನ್ನೆ ಬಿಂದು ಆರು.

ಕೆಂಪಗೆ ಅಲ್ಲಾಡದೆ ನಿಂತ ಅಂಕಿ.
ಸರಿಯಾಗಿ ಒಂದು ಖಾಲಿ ಗೋಣಿ.
ಅವಳು ಅದನ್ನು ನೋಡುತ್ತಿರಲಿಲ್ಲ,
ಜೀಪಿನವನಿಗೆ ನಿಲ್ಲು ಅಂತ ಕೈ ಮಾಡುತ್ತಿದ್ದಳು.

ಚೀಟಿಯಲ್ಲಿ ಕಳೆದದ್ದು: ಒಂದು.
ಒಂದೂವರೆಯಲ್ಲ. ಆರುನೂರು ಗ್ರಾಮೂ ಅಲ್ಲ.
ಅಷ್ಟೇ ಇಳಿಯಿತು ಆ ದಿನ.

ಅವಳು ಹೋದ ಮೇಲೆ ಮುಳ್ಳುಸೌತೆಯ ತುದಿ ಕೊಯ್ದು,
ಆ ತುಂಡಿನಿಂದಲೇ ಉಜ್ಜಿದೆ, ಕಹಿ ಹೋಗಲಿ ಎಂದು.
ಬಿಳಿ ನೊರೆ ಬಂತು. ಕಹಿ
ಪೂರ್ತಿ ಹೋಗಲಿಲ್ಲ.
ಕಚ್ಚಿದೆ. ಕರ್ರ್.

ಒಳಗಿನಿಂದ ಧಣಿ ಕೂಗಿದರು:
"ಇಲಿ!"